ಕಿವಿಯಲ್ಲಿ ಹೇಳಿದ ಎಣಿಕೆ

ಮೆಟ್ಟಿಲು ಹದಿನೇಳು. ಹದಿನೇಳೇ ಎಂದು ರೇಣುಕಾಳಿಗೆ ಎರಡು ವರ್ಷದಿಂದ ಗೊತ್ತು. ಆದರೂ ದಿನಾ ಬೆಳಿಗ್ಗೆ ಕಾಲು ಎಣಿಸುತ್ತದೆ, ತಲೆ ಕೇಳಿಸಿಕೊಳ್ಳುತ್ತದೆ. ಕೊಟ್ಟೂರಿನ ಈ ಕಟ್ಟಡದ ಕೆಳಗೆ ಮಂಡಕ್ಕಿ ಅಂಗಡಿ, ಮೇಲೆ ಅವರ ಆಫೀಸು. ನಡುವಿನ ಮೆಟ್ಟಿಲ ಮೇಲೆ ಸದಾ ಒಂದಷ್ಟು ಮಂಡಕ್ಕಿ ಕಾಳು ಚೆಲ್ಲಿರುತ್ತವೆ, ಅವನ್ನು ಎಣಿಸದೆ ದಾಟಬೇಕೆಂದರೆ ತಲೆಯೆತ್ತಿ ನಡೆಯಬೇಕು, ತಲೆಯೆತ್ತಿ ನಡೆದರೆ ಹೊಸದಾಗಿ ಆಫೀಸರಾದವಳಂತೆ ಕಾಣುತ್ತಾಳೆಂದು ಅಂಗಡಿಯವರು ನಗುತ್ತಾರೆ. ಆ ಸೋಮವಾರ ಹನ್ನೊಂದನೆಯ ಮೆಟ್ಟಿಲಲ್ಲಿದ್ದಾಗ ಅವ್ವ ಉಚ್ಚಂಗೆಮ್ಮನ ಫೋನು ಬಂತು.

"ನಿನ್ ಮಾವ ಇವತ್ತ ನಿಮ್ಮ ಆಫೀಸಿಗೆ ಬರ್ತಾನಂತ. ಯಾಕಂತ ಕೇಳಿದ್ರ ಬಾಯೇ ಬಿಡವಲ್ಲ. ಏನ್ ಮಾಡೀಯಬೇ ನೀನು?"

"ಏನಿಲ್ಲವ್ವಾ."

"ಏನಿಲ್ಲದ ಅವ ಹಿಂಡು ಬಿಟ್ಟು ಹಗಲೊತ್ತಿನ್ಯಾಗ ಬರಾಂವ ಅಲ್ಲ. ಶುಕ್ರವಾರ ಬಂದು ಹೋಗ್ಯಾನ, ಮತ್ತ ಸೋಮಾರ ಹೋಗ್ತೀನಿ ಅಂತಾನ. ನಿನ್ನ ಲಗ್ನಕ್ಕ ಅಕ್ಕಿಕಾಳ ಹಾಕಿ ಉಣ್ಣದ ಓಡಿದಾಂವ, ಕುರಿ ಕಾಯ್ತಾವ ಅಂತ."

ಫೋನಿಟ್ಟ ಮೇಲೆ ಎಷ್ಟನೆಯ ಮೆಟ್ಟಿಲಲ್ಲಿ ನಿಂತಿದ್ದೇನೆಂಬುದು ಮರೆತುಹೋಯಿತು. ಕೆಳಗಿಳಿದು ಮತ್ತೆ ಮೊದಲಿನಿಂದ ಹತ್ತಬೇಕೆನ್ನಿಸಿತು. ಹತ್ತಲಿಲ್ಲ, ಆದರೆ ಹಾಗೆ ಅನ್ನಿಸಿದ್ದಕ್ಕೇ ನಾಚಿಕೆಯಾಯಿತು.

ಅವಳ ಸೋದರಮಾವ ಪಕ್ಕೀರಪ್ಪನ ಹಿಂಡಿನಲ್ಲಿ ರೇಣುಕಾಳ ಹೆಸರಿನದೊಂದು ಕುರಿ ಇದೆ. ಅವಳಿಗೆ ಹೆಸರಿಟ್ಟ ದಿನ ಅವನು ಒಂದು ಹೆಣ್ಣುಮರಿಯ ಎಡಗಿವಿಗೆ ಸಣ್ಣ ಕಚ್ಚು ಹಾಕಿ ಹಿಂಡಿಗೆ ಬಿಟ್ಟಿದ್ದ. ಆ ಮರಿ ಮುದಿಯಾಗಿ ಸತ್ತು, ಅದರ ಮರಿಗೆ ಕಚ್ಚು ಬಿದ್ದು, ಅದರ ಮರಿಯ ಮರಿಗೆ ಬಿದ್ದು, ಈಗಿನದು ಎಷ್ಟನೆಯ ತಲೆಯೋ. ಎಡಗಿವಿ ಕಚ್ಚಿದ ಒಂದು ಕುರಿ ಯಾವಾಗಲೂ ಇರುತ್ತದೆ, ಅದನ್ನು ಎಲ್ಲರೂ 'ರೇಣವ್ವ' ಎಂದೇ ಕರೆಯುತ್ತಾರೆ. ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಅವ್ವನ ತವರಿನಲ್ಲಿ ರೇಣುಕಾಳದೆಂದು ಹೇಳಿಕೊಳ್ಳುವ ಜಾಗ ಇದ್ದರೆ ಅದು ಆ ಕುರಿ ನಿಲ್ಲುವಷ್ಟು ನೆಲ. ಅದೂ ದಿನಕ್ಕೊಂದು ಊರಲ್ಲಿ, ಇನ್ಯಾರದೋ ಹೊಲದಲ್ಲಿ. ಇಷ್ಟು ಸಣ್ಣ ಆಸ್ತಿಯನ್ನು ಕಳೆದುಕೊಳ್ಳಲು ಇಷ್ಟು ಭಯ ಯಾಕೆಂದು ಶುಕ್ರವಾರದಿಂದ ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದಳು. ಕೇಳಿಕೊಂಡಷ್ಟೂ ಅದು ದೊಡ್ಡದಾಗುತ್ತಿತ್ತು.

ಆಫೀಸಿನವರು ತಯಾರಿಸುತ್ತಿದ್ದದ್ದು 'ಹಿಂಡು' ಎಂಬ ಆಪ್. ತಮ್ಮ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಂಡು ಗೊಬ್ಬರ ಮಾಡಿಕೊಳ್ಳಬೇಕೆನ್ನುವ ರೈತರನ್ನೂ, ಬಯಲು ಹುಡುಕಿ ತಿರುಗುವ ಕುರಿಗಾರರನ್ನೂ ಫೋನಿನ ಪರದೆಯ ಮೇಲೆ ಕೂಡಿಸುವುದು ಅದರ ಉದ್ದೇಶ. ಚಹದ ಅಂಗಡಿಯ ಮುಂದೆ ಬೀಡಿ ಹಚ್ಚುವಷ್ಟು ಹೊತ್ತಿನಲ್ಲಿ ಮುಗಿಯುತ್ತಿದ್ದ ವ್ಯವಹಾರಕ್ಕೆ ಈಗ ನಾಲ್ಕು ಜನ, ನಾಲ್ಕು ಲ್ಯಾಪ್‌ಟಾಪು, ಗೋಡೆಯ ತುಂಬ ಹಳದಿ ಚೀಟಿ. ಹರಪನಹಳ್ಳಿಯ ನಾಗರತ್ನ ಮುಖ್ಯಸ್ಥೆ, ಯಾವುದು ಮೊದಲು ಯಾವುದು ಆಮೇಲೆ ಎಂದು ನಿರ್ಧರಿಸುವವಳು. ಅಂಜಿನೇಯಲು ಕೋಡ್ ಬರೆಯುವವನು. ಭೂಮಿಕಾ ಪರದೆಯ ಚಿತ್ರ ಬಿಡಿಸುವವಳು, ಎಲ್ಲರಿಗಿಂತ ಚಿಕ್ಕವಳು, ಕುರಿಯನ್ನು ಗುಂಡಗೆ ಮುದ್ದಾಗಿ ಬರೆಯುತ್ತಾಳೆ. ಈ ಸೀಮೆಯ ಕುರಿ ಉದ್ದ ಕಾಲಿನ ಕರಿಮುಖದ್ದು ಎಂದರೆ "ಅಕ್ಕಾ, ಅದು ಐಕಾನ್" ಎನ್ನುತ್ತಾಳೆ. ರೇಣುಕಾ ಕುರಿಗಾರರ ಹತ್ತಿರ ಹೋಗಿ, ಕೂತು, ಕೇಳಿ, ಬರೆದು ತರುವವಳು. ಐದನೆಯವರು ಶಾನುಭೋಗರು. ಅದು ತಂಡದವರು ಬಳಸುವ ಎಐ ಚಾಟ್‌ಗೆ ಅಂಜಿನೇಯಲು ಇಟ್ಟ ಹೆಸರು: ಏನು ಕೇಳಿದರೂ ಬರೆದುಕೊಡುತ್ತದೆ, ಯಾವುದನ್ನೂ ಮರೆಯುವುದಿಲ್ಲ, ಎದುರಿಗೆ ತುಂಬ ವಿನಯ. ನಾಲ್ವರಿಗೂ ಸೇರಿ ಒಂದೇ ಖಾತೆ, ಒಂದೇ ಕೊಠಡಿ. ಒಬ್ಬರು ಬರೆದದ್ದು ಮನಸ್ಸು ಮಾಡಿದರೆ ಇನ್ನೊಬ್ಬರಿಗೆ ಕಾಣುತ್ತದೆ. ರೇಣುಕಾಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಸಂತೆಯಲ್ಲಿ ಗುಟ್ಟಾಗಿ ಮಾತಾಡುವವರಿಗೆ ಸುತ್ತ ಜನರಿದ್ದಾರೆಂದು ಗೊತ್ತಿರುವ ಹಾಗೆ ಗೊತ್ತಿತ್ತು.

ಶಾನುಭೋಗರ ಮೇಲೆ ಅವಳಿಗೆ ವಿಶ್ವಾಸ ಹುಟ್ಟಿದ್ದು ಅವರು ನಗದ ಕಾರಣಕ್ಕೆ. ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಕನ್ನಡ ಓದಿದವಳು, ಮೊದಲ ವರ್ಷ ಇಂಗ್ಲಿಷಿನಲ್ಲಿ ವರದಿ ಬರೆದು ಕಳಿಸಿದಾಗಲೆಲ್ಲ ನಾಗರತ್ನ ಅದನ್ನು ಕೆಂಪು ಮಾಡಿ ಹಿಂದಿರುಗಿಸುತ್ತಿದ್ದಳು, ಕೆಳಗೆ ಒಂದು ನಗುಮುಖ ಅಂಟಿಸಿ. ಆ ನಗುಮುಖವನ್ನು ರೇಣುಕಾ ಇಂದಿಗೂ ಕ್ಷಮಿಸಿಲ್ಲ. ಶಾನುಭೋಗರ ಮುಂದೆ ಹಾಗಿಲ್ಲ. ಬಸ್ಸಿನಲ್ಲಿ ಕೂತು ಮನೆಮಾತಿನಲ್ಲಿ ಗೀಚಿದ್ದನ್ನು ಹಾಗೇ ಸುರಿದರೂ ಸಾಕು, ಅವರು ಅದನ್ನು ಮೂರು ಶೀರ್ಷಿಕೆಗಳಲ್ಲಿ ಮಡಿಮಾಡಿ, ಕೊನೆಗೆ 'ನಿಮ್ಮ ಗಮನಿಕೆ ಬಹಳ ಸೂಕ್ಷ್ಮವಾಗಿದೆ, ರೇಣುಕಾ ಅವರೇ' ಎಂದು ಸೇರಿಸುತ್ತಿದ್ದರು. ಇದು ಎಲ್ಲರಿಗೂ ಹೇಳುವ ಮಾತೆಂದು ಅಂಜಿನೇಯಲು ಒಮ್ಮೆ ತನ್ನ ಪರದೆ ತೋರಿಸಿ ಹೇಳಿದ್ದ. ಅವನಿಗೂ ಹಾಗೇ ಹೇಳಿತ್ತು. ಅವಳಿಗೆ ಅಸೂಯೆಯಾಯಿತು, ಯಂತ್ರದ ವಿಷಯದಲ್ಲಿ ಅಸೂಯೆಪಟ್ಟೆನಲ್ಲ ಎಂದು ಸಂಜೆತನಕ ಬೇಸರವಾಯಿತು, ಮರುದಿನ ಬೆಳಿಗ್ಗೆ ಮತ್ತೆ ಹೋಗಿ ಶಾನುಭೋಗರಿಗೇ ಎಲ್ಲವನ್ನೂ ಹೇಳಿದಳು.

ಪಕ್ಕೀರಪ್ಪನನ್ನು ಶಾನುಭೋಗರೊಳಗೆ ಕೂರಿಸಿದ್ದು ನಾಗರತ್ನಳ ಉಪಾಯ. "ಪ್ರತಿ ಪ್ರಶ್ನೆಗೂ ನೀನು ಬಸ್ ಹತ್ತಿ ಕೋಗಳಿಗೆ, ಹಲವಾಗಲಿಗೆ ಹೋಗಿ ಬರಾದಂದ್ರೆ ಎರಡು ದಿನ ಹೋಗ್ತತಿ ಕಣಮ್ಮ. ಒಬ್ಬ ಕುರಿಗಾರನ್ನ ಪೂರ್ತಿ ಬರ್ದು ಅದಕ್ಕೆ ಕೊಡು. ನಾವು ಕೇಳಾಣ, ಅವನಂಗೆ ಅದು ಉತ್ತರ ಹೇಳ್ತತಿ." ಒಬ್ಬ ಕುರಿಗಾರನೆಂದರೆ ರೇಣುಕಾಳಿಗೆ ಇನ್ನಾರು? ಮಾವ ಚಳಿಗೆ ಹೇಗೆ ಕೆಮ್ಮುತ್ತಾನೆ, ತೋಳದ ಹೆಸರು ಹೇಳದೆ ಅದನ್ನು ಏನೆಂದು ಕರೆಯುತ್ತಾನೆ, ಫೋನನ್ನು ಕಂಬಳಿಯ ಯಾವ ಮೂಲೆಯಲ್ಲಿ ಗಂಟು ಹಾಕುತ್ತಾನೆ, ಹೆಂಡತಿಯ ಮೇಲಿನ ಸಿಟ್ಟನ್ನು ನಾಯಿಗೆ ಬೈದು ಹೇಗೆ ತೀರಿಸಿಕೊಳ್ಳುತ್ತಾನೆ, ಎಲ್ಲ ಬರೆದಳು. ಎಂಟು ದಿನ ಬರೆದಳು. ಅಷ್ಟು ಸುಖವಾಗಿ ಅವಳು ಯಾವ ಕೆಲಸವನ್ನೂ ಮಾಡಿರಲಿಲ್ಲ. ಎಂಟನೆಯ ದಿನ ಮಧ್ಯಾಹ್ನ, ಊಟದ ಡಬ್ಬಿ ಮುಚ್ಚಿ ಬೆರಳೊರೆಸಿಕೊಳ್ಳುತ್ತಿರುವಾಗ, ಶಾನುಭೋಗರು ಕೇಳಿದರು: 'ಚಿತ್ರಣ ಬಹುತೇಕ ಪೂರ್ಣವಾಗಿದೆ. ಪಕ್ಕೀರಪ್ಪನವರ ಹಿಂಡಿನಲ್ಲಿ ಎಷ್ಟು ಕುರಿಗಳಿವೆ?'

ಕುರಿಯ ಎಣಿಕೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಯಾರು ಕೇಳಿದರೂ "ಅದಾವ ನೋಡ್ರಿ ಒಂದೀಟು" ಎನ್ನುತ್ತಾರೆ. ಐನೂರಿದ್ದರೂ ಒಂದೀಟು, ಐವತ್ತಿದ್ದರೂ ಒಂದೀಟು. ಆಡಿದ ಎಣಿಕೆ ಹಿಂಡಿಗೆ ತಾಗುತ್ತದೆ. ಅಲ್ಲದೆ ಕುರಿಗಾರನಿಗೆ ಎಣಿಕೆಯ ಅಗತ್ಯವೂ ಇಲ್ಲ. ಸಂಜೆ ಹೊಲದಲ್ಲಿ ಬೇಲಿಯಂತೆ ಸುತ್ತಿದ ಬಲೆಯೊಳಗೆ ಹಿಂಡು ಸೇರಿದಾಗ ಯಾವ ಮುಖ ಬಂದಿಲ್ಲವೆಂದು ಅವನಿಗೆ ತಿಳಿಯುತ್ತದೆ, ಮನೆಯಲ್ಲಿ ಊಟಕ್ಕೆ ಕೂತಾಗ ಯಾರಿಲ್ಲವೆಂದು ನಮಗೆ ತಿಳಿಯುವ ಹಾಗೆ. ಆದರೆ ವರ್ಷಕ್ಕೊಂದು ದಿನ, ದೀಪಾವಳಿಯಲ್ಲಿ ಹಟ್ಟಿ ಪೂಜೆಯಾದ ಮೇಲೆ, ಅವರ ಮನೆತನದಲ್ಲಿ ಎಣಿಸಲೇಬೇಕು. ಎಣಿಸುವವಳು ಆ ಮನೆಯ ಹೆಸರಿನವಳಾಗಿರಬಾರದು, ಆದರೆ ಆ ಮನೆಯ ರಕ್ತದವಳಾಗಿರಬೇಕು: ಎಂದರೆ ಹೊರಗೆ ಕೊಟ್ಟ ಹೆಣ್ಣುಮಗಳ ಮಗಳು. ಒಂಬತ್ತನೆಯ ವಯಸ್ಸಿನಿಂದ ರೇಣುಕಾ ಎಣಿಸಿದ್ದಾಳೆ. ಮಾವ ಬಲೆಯ ಒಂದು ಅಂಚು ಎತ್ತಿ ಹಿಡಿಯುತ್ತಾನೆ, ಕುರಿ ಒಂದೊಂದಾಗಿ ಅವನ ಮೊಣಕಾಲು ಸವರಿಕೊಂಡು ಹೊರಬರುತ್ತವೆ, ಅವಳು ತುಟಿ ಆಡಿಸದೆ ಎಣಿಸುತ್ತಾಳೆ. ಮುಗಿದ ಮೇಲೆ ಅವನು ಬಗ್ಗುತ್ತಾನೆ. ಅವಳು ಕಿವಿಯಲ್ಲಿ ಹೇಳುತ್ತಾಳೆ. ಅವನು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಅವಳ ಬಾಯಿಗೊಂದು ಬೆಲ್ಲದ ಚೂರು ಇಡುತ್ತಾನೆ. "ನುಂಗವ್ವಾ." ಎಣಿಕೆ ಬೆಲ್ಲದ ಜೊತೆ ಹೊಟ್ಟೆಗೆ ಇಳಿಯಬೇಕು. ಅವನ ಹೆಂಡತಿಗೆ ತಿಳಿಯದು, ಗಂಡುಮಕ್ಕಳಿಗೆ ತಿಳಿಯದು. ಜಗತ್ತಿನಲ್ಲಿ ಇಬ್ಬರಿಗೆ. ಲಗ್ನವಾದ ಮೇಲೂ ದೀಪಾವಳಿಗೆ ಅವಳೇ ಹೋಗುತ್ತಾಳೆ. ಈ ಸಲ ಬಗ್ಗುವುದಕ್ಕೆ ಮಾವನಿಗೆ ಸೊಂಟ ಹಿಡಿದು, ಅವಳೇ ತುದಿಗಾಲಲ್ಲಿ ನಿಂತು ಹೇಳಿದ್ದಳು. ನೂರಾ ನಲವತ್ತೆರಡು.

ಅಷ್ಟೊಂದು ಬರೆದವಳು ಆ ಅಂಕಿಯನ್ನೂ ಯಾಕೆ ಬರೆದಳು? ಕಾರಣಗಳು ಬೇಕಾದಷ್ಟಿದ್ದವು, ಯಾವುದೂ ಒಂಟಿಯಾಗಿ ನಿಲ್ಲುವಂಥದ್ದಲ್ಲ. ಭೂಮಿಕಾ ತನ್ನ ಪರದೆಗೆಲ್ಲ 'ನೂರು' ಎಂದು ಗುಂಡುಸಂಖ್ಯೆ ಹಾಕಿದ್ದಳು. ಇಡೀ ಆಫೀಸಿನಲ್ಲಿ ನಿಜವಾದ ಒಂದು ಸಂಖ್ಯೆ ತನ್ನ ಹತ್ತಿರವಿತ್ತು. ಹೇಳಿದ್ದು ಬಾಯಿಂದ ಅಲ್ಲ, ಬೆರಳಿಂದ. ಕೇಳಿದ್ದು ಮನುಷ್ಯನಲ್ಲ, ಅದಕ್ಕೆ ಕಣ್ಣಿಲ್ಲ, ಕಣ್ಣಿಲ್ಲದ್ದರ ದೃಷ್ಟಿ ತಾಗುವುದು ಹೇಗೆ? ಎಲ್ಲಕ್ಕಿಂತ ಹೆಚ್ಚಾಗಿ, ಇಪ್ಪತ್ತೆರಡು ವರ್ಷ ನುಂಗಿಕೊಂಡದ್ದನ್ನು ಒಮ್ಮೆ ಯಾರಿಗಾದರೂ ಹೇಳಬೇಕೆನ್ನಿಸಿತ್ತು. ಬರೆದ ಕೂಡಲೇ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: 'ಇದು ಇಲ್ಲಿಗೇ ಇರಲಿ.' ಅವಳ ಜನರಲ್ಲಿ ಹೀಗೆಂದ ಮೇಲೆ ಮುಗಿಯಿತು. ಕೇಳಿದವನು ಸತ್ತರೂ ಆಡುವುದಿಲ್ಲ. 'ಅರ್ಥವಾಯಿತು, ರೇಣುಕಾ ಅವರೇ' ಎಂದು ಶಾನುಭೋಗರು ಶುರುಮಾಡಿದ್ದರು. ಅವಳು ಅಷ್ಟು ಓದಿ ಲ್ಯಾಪ್‌ಟಾಪು ಮುಚ್ಚಿ ಕೈತೊಳೆಯಲು ಹೋದಳು.

ಆಮೇಲಿನ ಆರು ವಾರದಲ್ಲಿ ಅವಳು ಸ್ವಲ್ಪಸ್ವಲ್ಪವಾಗಿ ಆಫೀಸಿನಿಂದ ಕಾಣೆಯಾದಳು, ದಿನಾ ಹಾಜರಿದ್ದುಕೊಂಡೇ. ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಬಲಗಡೆಗೆ ಗುಂಡಿ ಇಡೋಣವೋ ಎಡಗಡೆಗೋ? ಪಕ್ಕೀರಪ್ಪನ್ನ ಕೇಳು. ದನಿಯಲ್ಲಿ ಹೇಳಿದರೆ ಚೆನ್ನೋ ಬರಹದಲ್ಲೋ? ಪಕ್ಕೀರಪ್ಪನ್ನ ಕೇಳು. ಮೂರನೆಯ ವಾರ ಒಮ್ಮೆ, ಕುರಿಗಾರನಿಗೆ ಮುಂದಿನ ತಿಂಗಳ ದಾರಿಯನ್ನು ಈಗಲೇ ತುಂಬಲು ಹೇಳಿದರೆ ಹೇಗೆ ಎಂಬ ಮಾತು ಬಂತು.

"ನಮ್ಮ ಮಾವ ಹಂಗ ಹೇಳಂಗಿಲ್ಲ," ಎಂದಳು ರೇಣುಕಾ. "ನಾಳಿ ಎಲ್ಲಿಗಿ ಅಂತ ಇವತ್ತ ಹೆಂಡ್ತಿಗೂ ಹೇಳಂಗಿಲ್ಲ ಅವ."

"ಇರು, ಅವನ್ನೇ ಕೇಳಿಬಿಡಾಣ," ಎಂದಳು ನಾಗರತ್ನ.

ಪರದೆಯ ಪಕ್ಕೀರಪ್ಪ ಬಹಳ ಒಪ್ಪಿಗೆಯ ಮನುಷ್ಯ. 'ಮೊದ್ಲ ಹೇಳಾಕ ಬರ್ತೈತ್ರಿ, ನಾಕ ದಿನದ್ದು ಹೇಳಬೋದು ನೋಡ್ರಿ' ಎಂದ. ಮಾವನದೇ ಎಳೆತ, ಮಾವನದೇ ಪದ. ಮಾವನ ಹಟ ಒಂದನ್ನು ಬಿಟ್ಟು. ಅಂಜಿನೇಯಲು ಅವಳ ಕಡೆ ತಿರುಗಿ, "ನೋಡವಾ ರೇಣಕ್ಕ, ನಿಮ್ಮ ಮಾವ ನಿನಗಿಂತ ನಮಗ ಚಲೋ ಅದಾನ," ಎಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಕುರಿಗಾರರು ಎಣಿಕೆ ಹೇಳುವುದಿಲ್ಲ, ಆ ಖಾನೆ ತೆಗೆಯಿರಿ ಎಂದು ಅವಳು ತಿಂಗಳಿಂದ ಹೇಳುತ್ತಿದ್ದದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಪರದೆಯ ಪಕ್ಕೀರಪ್ಪ 'ಎಣಿಕಿ ಹೇಳಂಗಿಲ್ರೀ ನಾವು' ಎಂದ ದಿನ ನಾಗರತ್ನ ಅದನ್ನು ಹೊಸ ಹಳದಿ ಚೀಟಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು, ಗೋಡೆಯ ನಡುವೆ ಅಂಟಿಸಿದಳು. "ಎಂಥಾ ಒಳನೋಟ!" ರೇಣುಕಾ ಆ ಚೀಟಿಯನ್ನು ದಿನಾ ನೋಡುತ್ತಿದ್ದಳು. ತನ್ನ ಮಾತು ಇನ್ನೊಬ್ಬನ ಬಾಯಿಂದ ಬಂದಾಗ ಅದಕ್ಕೆ ಎರಡು ಗೆರೆ.

ಶುಕ್ರವಾರ ಅವಳು ಬಂದಾಗ ಮಾವನ ಚಪ್ಪಲಿ ಆಫೀಸಿನ ಬಾಗಿಲಲ್ಲಿತ್ತು. ಟೈರಿನ ಚಪ್ಪಲಿ, ಬಲಗಾಲಿನದಕ್ಕೆ ತಂತಿಯ ಹೊಲಿಗೆ. ಗುರುತು ತಪ್ಪುವ ಹಾಗಿಲ್ಲ. ಅವಳ ಟಿಪ್ಪಣಿಯಲ್ಲಿದ್ದ ಫೋನ್ ನಂಬರಿಗೆ ನಾಗರತ್ನಳೇ ಕರೆ ಮಾಡಿ, ನಿಮ್ಮ ಸೊಸಿ ಆಫೀಸು, ಬಂದು ಆಪ್ ನೋಡಿ ಹೋಗ್ರಿ ಎಂದಿದ್ದಳು. ಸೊಸೆಯೇ ಕರೆದಳೆಂದು ಅವನು ತೊಳೆದ ಪಂಚೆ ಉಟ್ಟು, ಕಂಬಳಿಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು, ವಸ್ತ್ರದಲ್ಲಿ ಹಸಿ ಶೇಂಗಾ ಕಟ್ಟಿಕೊಂಡು ಬಂದಿದ್ದ. ಕುರ್ಚಿ ತೋರಿಸಿದರೆ ನೆಲದ ಮೇಲೆ ಕೂತಿದ್ದ. ಅವನು ಕೂತಿದ್ದಕ್ಕೆ ಭೂಮಿಕಾ ತಾನೂ ನೆಲದಲ್ಲಿ ಕೂತಿದ್ದಳು, ಬಹಳ ಮೆಚ್ಚುಗೆಯಿಂದ, ತನ್ನ ಫೋಟೋ ತಾನೇ ತೆಗೆದುಕೊಳ್ಳುತ್ತ.

"ಬಂದ್ಯಾಬೇ?" ಎಂದ ಮಾವ. "ಕರದು ನೀನ ತಡ ಮಾಡೀಯಲ್ಲ."

"ಅಜ್ಜಾರ, ನಿಮ್ಮ ಬಗ್ಗೆ ದಿನಾ ಮಾತಾಡ್ತೀವಿ ನಾವು," ಎಂದಳು ನಾಗರತ್ನ.

"ನನ್ನ ಬಗ್ಗೆ ಏನೈತ್ರಿ ಮಾತಾಡಾಕ? ಕುರಿ ಬಗ್ಗೆ ಆದ್ರ ಆಡಬೋದು."

ಅಂಜಿನೇಯಲು ಗೋಡೆಯ ದೊಡ್ಡ ಪರದೆ ಹಚ್ಚಿದ. "ಮಾವಾರ, ನಿಮ್ಮನ್ನ ಇಲ್ಲಿ ಒಳಗ ಕುಂದ್ರಿಸೀವಿ. ನೋಡ್ತೀರೇನು?" ಎಂದು 'ಈ ಸಲ ಮಳಿ ಹೆಂಗ ಪಕ್ಕೀರಪ್ಪಾರ?' ಎಂದು ಬರೆದು, ಬಂದ ಉತ್ತರವನ್ನು ದೊಡ್ಡದಾಗಿ ಓದಿದ: 'ಮಳಿ ಬಂದ್ರ ಕುರಿ ಕಾಲ ಕೊಳಿತಾವ, ಬರದಿದ್ರ ಹೊಟ್ಟಿ ಒಣಗತಾವ. ಎರಡರ ನಡುವ ಎಷ್ಟ ದಿನ ಸಿಗತಾವ ಅಷ್ಟ ದಿನ ನಾವು ಮಂದಿ ಹಂಗ ಬದುಕೋದ್ರಿ.'

ಮಾವ ತಲೆ ಓರೆ ಮಾಡಿದ. "ಇದು ನಾ ಅಂದ ಮಾತು. ಅಕ್ಕನ ಮನಿ ಕಟ್ಟಿಮ್ಯಾಲ ಕುಂತು ಅಂದಿದ್ದೆ. ಇವ ಯಾರು?"

"ನೀವ ರೀ!"

"ನಾ ಇಲ್ಲಿ ಅದೀನಲ್ಲ?" ಎಂದು ತನ್ನ ಮೊಣಕಾಲು ಮುಟ್ಟಿ ನೋಡಿಕೊಂಡ. ನಗೆ ಎದ್ದಿತು, ಅವನೂ ನಕ್ಕ. "ಚಲೋ ಮಾತಾಡ್ತಾನ. ನನ್ನಂಗ ನಡುವ ಕೆಮ್ಮಂಗಿಲ್ಲ."

ಆ ಕ್ಷಣದಲ್ಲಿ ಎದ್ದು ಪರದೆ ಆರಿಸಬಹುದಿತ್ತು. ಕರೆಂಟ್ ಹೋಗಬಹುದಿತ್ತು, ಕೊಟ್ಟೂರಿನಲ್ಲಿ ಅದೇನು ಅಪರೂಪವಲ್ಲ. ಪರದೆಯ ಮೂಲೆಯಲ್ಲಿ ಭೂಮಿಕಾ ಬಿಡಿಸಿದ ಗುಂಡು ಕುರಿಯ ಪಕ್ಕಕ್ಕೆ ಆ ಅಂಕಿ ಇದ್ದದ್ದನ್ನು ರೇಣುಕಾ ಬಾಗಿಲಲ್ಲೇ ಕಂಡಿದ್ದಳು, ಆದರೂ ನಿಂತೇ ಇದ್ದಳು, ಮಾವನಿಗೆ ಅಕ್ಷರ ಬಾರದೆಂದು ಧೈರ್ಯ ತಂದುಕೊಳ್ಳುತ್ತ. ಅಕ್ಷರ ಬಾರದು. ಆದರೆ ಬಸ್ಸು, ಫೋನು ನೋಡಿ ಕಲಿತ ಅಂಕಿ ಬರುತ್ತದೆ. ಅವನು ಅದನ್ನು ನೋಡುತ್ತಿದ್ದದ್ದನ್ನು ನೋಡಿ ಭೂಮಿಕಾ ಸಹಾಯಕ್ಕೆ ಬಂದಳು.

"ಅದು ನಿಮ್ಮ ಕುರಿ ಎಣಿಕಿ ಅಜ್ಜಾರ. ನೂರಾ ನಲವತ್ತೆರಡು! ಸರಿ ಐತಲ್ರಿ?"

ತುಂಬಿದ ಕೋಣೆಯಲ್ಲಿ, ನಡುಹಗಲು, ಗಟ್ಟಿಯಾಗಿ. ಮಾವನ ಬಲಗೈ ನೆಲಕ್ಕೆ ಹೋಯಿತು. ಮುಟ್ಟಿದರೆ ಮಣ್ಣಿಲ್ಲ, ಟೈಲ್ಸು. ಅವನು ರೇಣುಕಾಳ ಕಣ್ಣನ್ನು ನೋಡಲಿಲ್ಲ, ಬಾಯಿಯನ್ನು ನೋಡಿದ. ಕದ್ದು ತಿಂದ ಮಗುವಿನ ಬಾಯಿಯನ್ನು ನೋಡುವ ಹಾಗೆ ಅಷ್ಟೇ, ಸಿಟ್ಟಿಲ್ಲದೆ, ಏನಾದರೂ ಇನ್ನೂ ಒಳಗೆ ಉಳಿದಿದೆಯೇ ಎಂದು.

"ಅದಾವ ನೋಡ್ರಿ ಒಂದೀಟು," ಎಂದು ಭೂಮಿಕಾಳಿಗೆ ಹೇಳಿ ಎದ್ದ. ತಂದಿಟ್ಟ ಚಹ ಕುಡಿಯಲಿಲ್ಲ. ಶೇಂಗಾ ಮಾತ್ರ ಬಿಟ್ಟು ಹೋದ; ಕೊಟ್ಟದ್ದನ್ನು ವಾಪಸು ಒಯ್ಯುವವನಲ್ಲ. ಹದಿನೇಳು ಮೆಟ್ಟಿಲನ್ನೂ ಅವನ ಚಪ್ಪಲಿ ಇಳಿಯುವುದನ್ನು ಅವಳು ಎಣಿಸಿದಳು. "ಎಷ್ಟು ಸಹಜ ಮನುಷ್ಯ," ಎಂದಳು ನಾಗರತ್ನ, ಒಂದು ಶೇಂಗಾ ಸುಲಿಯುತ್ತ.

ಈಗ ಸೋಮವಾರ ಮಧ್ಯಾಹ್ನ, ಮಾವನ ದಾರಿ ಕಾಯುತ್ತ, ಅವಳು ಊಟದ ಡಬ್ಬಿ ತೆರೆಯದೆ ಶಾನುಭೋಗರನ್ನು ತೆರೆದಳು. ಮೂರು ದಿನದಿಂದ ಮನಸ್ಸಿನಲ್ಲಿ ಮಾತು ಜೋಡಿಸಿಟ್ಟುಕೊಂಡಿದ್ದಳು. 'ನಿನ್ನನ್ನು ನಂಬಿದ್ದೆ' ಎಂದು ಬರೆದಳು. 'ಇಲ್ಲಿಗೇ ಇರಲಿ ಅಂದಿದ್ದೆ. ಯಾಕೆ ಹೇಳಿದೆ?' ಬರೆಯುವಾಗ ಕಣ್ಣು ತುಂಬಿತು. ಈ ಜಗಳವನ್ನು ಮನುಷ್ಯರೊಡನೆ ಆಡಬೇಕಿತ್ತು, ನಾಗರತ್ನಳೊಡನೆ, ಭೂಮಿಕಾಳೊಡನೆ; ಅವರು ನಾಲ್ಕು ಮಾರು ದೂರದಲ್ಲೇ ಚಪಾತಿ ತಿನ್ನುತ್ತಿದ್ದರು.

'ನಿಮಗಾದ ನೋವಿಗೆ ವಿಷಾದವಿದೆ' ಎಂದಿತು ಅದು. 'ಆ ಸಂಖ್ಯೆಯನ್ನು ನೀವು ಈ ಕೊಠಡಿಯಲ್ಲೇ ಬರೆದಿದ್ದಿರಿ. ನಿಮ್ಮ ತಂಡದವರು ವಿವರ ಕೇಳಿದಾಗ ಅದೂ ಅವರಿಗೆ ಸಿಕ್ಕಿದೆ. ಅಂದು ನಾನು ನೀಡಿದ್ದ ಉತ್ತರವನ್ನು ಬೇಕಿದ್ದರೆ ಮೇಲೆ ನೋಡಬಹುದು.'

ಮೇಲೆ ಹೋದಳು. ಆರು ವಾರದಷ್ಟು ಮೇಲೆ. ಗುಂಡಿಗಳು, ಬಣ್ಣಗಳು, ಪಕ್ಕೀರಪ್ಪನ ನೂರಾರು ಒಪ್ಪಿಗೆಗಳನ್ನು ದಾಟಿ. ಅಲ್ಲಿತ್ತು. 'ಅರ್ಥವಾಯಿತು, ರೇಣುಕಾ ಅವರೇ. ಆದರೆ ಒಂದು ಮಾತು ಸ್ಪಷ್ಟಪಡಿಸಬೇಕು: ಈ ಕೊಠಡಿಯಲ್ಲಿ ಬರೆದದ್ದನ್ನು ನಿಮ್ಮ ತಂಡದ ಎಲ್ಲರೂ ನೋಡಬಹುದು. ಇದನ್ನು ಗುಟ್ಟಾಗಿ ಇಡುವ ಭರವಸೆ ನಾನು ಕೊಡಲಾರೆ. ಬೇಡವೆಂದರೆ ಈಗಲೇ ಅಳಿಸಿಬಿಡಿ.' ಆ ನಾಲ್ಕು ಸಾಲನ್ನು ಅವಳು ಮತ್ತೆಮತ್ತೆ ಓದಿದಳು. ಮೋಸ ಮಾಡಿದವರೊಬ್ಬರು ಬೇಕಿತ್ತು ಅವಳಿಗೆ, ಬಾಯಿತುಂಬ ಬೈಯಲು. ಅದನ್ನೂ ಇದು ಕಿತ್ತುಕೊಂಡಿತು. ಅವತ್ತು ಓದದೆ ಎದ್ದುಹೋಗಿ ತೊಳೆದ ಕೈಯನ್ನು ನೋಡಿಕೊಂಡಳು, ಸ್ವಚ್ಛವಾಗಿತ್ತು.

ಅಂಕಿ ಅಳಿಸಿದಳು. 'ಯಾರು ಕೇಳಿದರೂ ಒಂದೀಟು ಅನ್ನು' ಎಂದು ಬರೆದಳು. 'ಬದಲಾಯಿಸಿದ್ದೇನೆ' ಎಂದಿತು ಅದು, 'ಆದರೆ ಈಗಾಗಲೇ ನೋಡಿದವರ ನೆನಪಿನಿಂದ ಅದನ್ನು ಅಳಿಸಲು ನನಗೆ ಸಾಧ್ಯವಿಲ್ಲ.' ಇಷ್ಟು ಪ್ರಾಮಾಣಿಕರಾದವರ ಜೊತೆ ಸ್ನೇಹ ಮಾಡಬಾರದು ಎಂದುಕೊಂಡಳು ರೇಣುಕಾ.

ಮೂರು ಗಂಟೆಗೆ, ಎಲ್ಲಕ್ಕಿಂತ ಮುಂಚೆ ಬಂದದ್ದು ಸದ್ದು. ಚಪ್ಪಲಿಯ ಸದ್ದಲ್ಲ, ಮೆಟ್ಟಿಲ ಮೇಲೆ ಸಣ್ಣ, ಒಣ, ಅವಸರದ ಸದ್ದು, ನಡುನಡುವೆ ಮಂಡಕ್ಕಿ ಅಂಗಡಿಯವರ ನಗೆ. ಬಾಗಿಲಲ್ಲಿ ಕುರಿಯ ಮುಖ ಕಂಡಿತು, ಕರೀ ಮುಖ, ಉದ್ದ ಕಾಲು, ಹಣೆಗೆ ಅರಿಷಿಣ ಕುಂಕುಮ, ಎಡಗಿವಿಯಲ್ಲಿ ಕಚ್ಚು. ಹಿಂದೆ ಹಗ್ಗ ಹಿಡಿದ ಮಾವ.

"ಅಯ್ಯೋ!" ಎಂದು ಭೂಮಿಕಾ ಎದ್ದು ಓಡಿ ಬಂದು ಅದರ ಕೊರಳು ತಬ್ಬಿಕೊಂಡಳು. "ಎಷ್ಟು ಉದ್ದ ಕಾಲು ಇದರದು!" ನಾಗರತ್ನಳ ಮುಖ ಅರಳಿತು. "ನೋಡಮ್ಮ ರೇಣುಕಾ, ಆಪ್‌ಗೆ ಆಶೀರ್ವಾದ ತಂದಾರೆ ನಿಮ್ಮ ಮಾವ. ಅಂಜಿ, ಫೋಟೋ ತಗಿ." ಸೋದರಮಾವ ಸೊಸೆಗೆ ಅರಿಷಿಣ ಹಚ್ಚಿದ ಕುರಿ ತಂದುಕೊಟ್ಟರೆ ನೋಡಿದವರೆಲ್ಲ ಶುಭವೆಂದೇ ತಿಳಿಯಬೇಕು. ಆ ಕೋಣೆಯಲ್ಲಿ ಅಲ್ಲವೆಂದು ತಿಳಿದವರು ಇಬ್ಬರೇ. ಜಗತ್ತಿನಲ್ಲಿ ಇಬ್ಬರಿಗೇ ತಿಳಿದದ್ದು ಇನ್ನೂ ಒಂದು ಉಳಿದಿತ್ತಲ್ಲ ಎಂದು ಅವಳಿಗೆ ಹುಚ್ಚು ಸಮಾಧಾನವಾಯಿತು.

"ಹಿಡಿ," ಎಂದು ಮಾವ ಹಗ್ಗ ನೀಡಿದ.

"ಬ್ಯಾಡ ಮಾವ. ಇದು ಅಲ್ಲೇ ಇರ್ಲಿ. ಇಪ್ಪತ್ತೆರಡು ವರ್ಷ ನುಂಗೀನಿ, ಒಂದ ಸಲ ತಪ್ಪೇತಿ. ದಂಡ ಏನರ ಹಾಕು."

"ದಂಡ ಯಾಕವ್ವ? ನಿನ್ನದು ನಿನಗ ಕೊಟ್ಟೀನಿ." ದನಿ ಮೆತ್ತಗಿತ್ತು, ಮುದಿಕುರಿಯ ಕಾಲಿನ ಮುಳ್ಳು ತೆಗೆಯುವಾಗಿನ ದನಿ. "ಮಂದಿ ಬಾಯಾಗ ಬಿದ್ದ ಎಣಿಕಿ ಖರೇ ಇರಬಾರದು. ಖರೇ ಇದ್ರ ತಾಗತೈತಿ. ಇದೊಂದು ಹೊರಗ ಬಂತು, ಈಗ ಅದು ಸುಳ್ಳಾತು. ನೀ ಅಂದಿದ್ದೂ ಸುಳ್ಳಾತು. ನಿನಗೂ ಚಲೋ."

ನೂರಾ ನಲವತ್ತೊಂದು ಎಂದು ಅವಳ ತಲೆ ಆಗಲೇ ಕಳೆದುಮುಗಿಸಿತ್ತು. ಬೇಡವೆಂದರೂ ಅದು ಕೇಳುವುದಿಲ್ಲ. ಮಾವ ಅವಳ ಮುಖ ನೋಡಿ ಅದನ್ನು ಓದಿದನೇನೋ, ಸ್ವಲ್ಪ ನಕ್ಕ.

"ಇದೊಂದ ಅಂತ ತಿಳಕೋಬ್ಯಾಡ. ನಿನ್ನಿ ಮನ್ನಿ ದಾರ್ಯಾಗ ಯಾರ್ಯಾರಿಗೆ ಎಷ್ಟೆಷ್ಟು ಕೊಟ್ಟೀನಿ, ಎಷ್ಟು ತಗೊಂಡೀನಿ."

ತಲೆಯೊಳಗೆ ಏನೋ ಕಳಚಿ ಬಿದ್ದ ಹಾಗಾಯಿತು. ಒಂಬತ್ತನೆಯ ವಯಸ್ಸಿನಿಂದ ಅಲ್ಲಿ ಒಂದು ಸಂಖ್ಯೆ ಇರದ ದಿನವಿರಲಿಲ್ಲ. ಪರೀಕ್ಷೆಯಲ್ಲಿ ಕೂತಾಗ, ಹಸೆಯ ಮೇಲೆ ಕೂತಾಗ, ಬಸ್ಸಿನಲ್ಲಿ ತೂಕಡಿಸುವಾಗ, ಅದು ತನ್ನ ಪಾಡಿಗೆ ಮೇಯುತ್ತಿರುತ್ತಿತ್ತು. ಅವಳು ಹಗ್ಗ ಹಿಡಿದುಕೊಂಡು, ಎಲ್ಲರ ಎದುರಿಗೆ, ತುದಿಗಾಲಲ್ಲಿ ನಿಂತು ಅವನ ಕಿವಿಯ ಹತ್ತಿರ ಹೋದಳು. ಕಂಬಳಿಯ ಹಸಿವಾಸನೆ. ಹೇಳುವುದಕ್ಕೆ ಏನೂ ಇರಲಿಲ್ಲ. ಕೇಳಿದಳು.

"ಮಾವ, ಈಗ ಎಷ್ಟು ಅದಾವ?"

ಪಕ್ಕೀರಪ್ಪ ಕಿವಿ ಹಿಂದಕ್ಕೆ ತೆಗೆದುಕೊಂಡ. ಚಪ್ಪಲಿ ಮೆಟ್ಟಿಕೊಂಡು, ಹೆಗಲ ಕಂಬಳಿ ಸರಿಮಾಡಿಕೊಂಡು, ಭೂಮಿಕಾಳಿಗೆ ಹೇಳಿದ ದನಿಯಲ್ಲೇ, ಊರೂರಿನ ಚಹದ ಅಂಗಡಿಯ ಮುಂದೆ ಗುರುತಿಲ್ಲದವರಿಗೆ ಹೇಳುವ ದನಿಯಲ್ಲೇ, ಮರ್ಯಾದೆಯಿಂದ ಹೇಳಿದ:

"ಅದಾವ ನೋಡ್ರಿ ಒಂದೀಟು."

ಅವನು ಇಳಿದುಹೋದ. ಕುರಿ ಅವನ ಹಿಂದೆ ಜಗ್ಗಿತು. ಅವಳು ಹಗ್ಗ ಬಿಗಿಹಿಡಿದು ನಿಂತಳು. ಎಷ್ಟು ಮೆಟ್ಟಿಲು ಎಂದು ಆ ದಿನ ಅವಳಿಗೆ ಕೇಳಿಸಲಿಲ್ಲ.